ಹಳಿ ಕಿತ್ತ ಬುರಾನುದ್ದೀನ

ಜಾಂಬಳವಾಡಿಗೆ ರಸ್ತೆ ಇರಲಿಲ್ಲ, ರೈಲಿತ್ತು. ಲೋಂಡಾದಿಂದ ಕಾಡಿನ ಕಟ್ಟಿಗೆ ಸಾಗಿಸಲು ಹಾಕಿದ್ದ ಸಣ್ಣ ಲೈನು ಊರಿನ ಅಂಚಿಗೆ ಬಂದು ಮುಗಿಯುತ್ತಿತ್ತು. ಬುರಾನುದ್ದೀನ ಮೀಸೆ ಮೂಡುವ ವಯಸ್ಸಿಗೇ ಆ ಲೈನಿನ ಗ್ಯಾಂಗ್‌ಮನ್ ಆಗಿದ್ದ. ಮಳೆಗಾಲದಲ್ಲಿ ಹಳಿಗಡ್ಡ ಬಿದ್ದ ಮರ ಸರಿಸುತ್ತ, ಸಡಿಲಾದ ಬೋಲ್ಟು ಬಿಗಿಯುತ್ತ ಅಲ್ಲೇ ಮುದುಕನಾದ.

ಕಾಡು ಕಡಿಯುವುದು ನಿಂತಿತು, ಗಾಡಿಯೂ ನಿಂತಿತು. ಊರವರು ಮಾತ್ರ ಹಳಿಗುಂಟ ನಡೆದು ಲೋಂಡಾ ಸೇರುತ್ತಿದ್ದರು. ನಡುವೆ ದೊಡ್ಡದೊಂದು ಹಳ್ಳ. ಅದರ ಕಬ್ಬಿಣದ ಸೇತುವೆಗೆ ಊರವರು ಪೂಲು ಎನ್ನುತ್ತಿದ್ದರು. ಅಲ್ಲಿ ಹಳಿಯಡಿಗೆ ಸಾಲಾಗಿ ಕೂಡಿಸಿದ ಮರದ ಸ್ಲೀಪರುಗಳ ಮೇಲೆ ಕಾಲಿಟ್ಟೇ ಎಲ್ಲರೂ ದಾಟಬೇಕು.

ಒಂದು ಬೇಸಿಗೆಯಲ್ಲಿ ಗುತ್ತಿಗೆದಾರನೊಬ್ಬ ಹಳಿ ಕೀಳಿಸಲು ಬಂದ. ಲೈನು ಬಲ್ಲವನೆಂದು ಬುರಾನುದ್ದೀನನನ್ನೇ ಕರೆದ. ಪೂಲಿನ ಸ್ಲೀಪರಿಗೆ ಹಾರೆ ಹಾಕಿದ ದಿನ ನೆರೆಮನೆಯ ಬಾಳವ್ವ ಓಡಿಬಂದಳು.

"ಇದೊಂದ ಬಿಡ್ರಿ ಅಣ್ಣಾ. ಮಳಿ ಹಿಡದ್ರ ನಾವ್ ಹೆಂಗ ದಾಟೂದು?"

"ರಸ್ತಾ ಮಾಡ್ತಾರಂತ ಬಾಳವ್ವಾ. ನಾ ಬಿಟ್ರ ಮತ್ತೊಬ್ಬ ಕೀಳ್ತಾನ," ಎಂದ. ಸಂಜೆಗೆ ಪೂಲಿನ ಮೇಲೆ ಬರೀ ಎರಡು ಕಬ್ಬಿಣದ ತೊಲೆ ಉಳಿದವು.

ರಸ್ತೆ ಬರಲಿಲ್ಲ, ಮಳೆ ಬಂತು. ಆಷಾಢದ ಒಂದು ಮುಂಜಾನೆ ಅವನ ಹೆಂಡತಿ ಅನ್ವರಿಗೆ ಹೊಟ್ಟೆಯಲ್ಲಿ ಬೆಂಕಿಯಂಥ ನೋವು ಎದ್ದಿತು. ಬಾಳವ್ವನ ಗಂಡ ಸಿದ್ದಪ್ಪ ಕೋಲಿಗೆ ಕಂಬಳಿ ಕಟ್ಟಿ ಜೋಳಿಗೆ ಮಾಡಿದ. ಹೊತ್ತುಕೊಂಡು ಪೂಲಿಗೆ ಬಂದರೆ ಕೆಂಪು ನೀರು ತೊಲೆಗಳನ್ನು ನೆಕ್ಕುತ್ತಿತ್ತು. ಬುರಾನುದ್ದೀನ ತೊಲೆಯ ಮೇಲೆ ಒಂದು ಕಾಲಿಟ್ಟ. ಜಾರಿತು.

"ಬ್ಯಾಡ್ರಿ," ಅಂದಳು ಅನ್ವರಿ ಜೋಳಿಗೆಯೊಳಗಿಂದ. "ಎಲ್ಲಾರೂ ಹೋಗ್ತೀರಿ."

ಹಿಂದಿರುಗಿ, ಕಾಡು ಬಳಸಿ ಹಲಸಿಯ ದಾರಿ ಹಿಡಿದರು. ಅಲ್ಲಿಂದ ಖಾನಾಪುರದ ಆಸ್ಪತ್ರೆಗೆ ಜೀಪು ಸಿಗುತ್ತಿತ್ತು. ಅರ್ಧ ದಾರಿಯಲ್ಲಿ ಅವಳ ನರಳಾಟ ನಿಂತಿತು. ಸಿದ್ದಪ್ಪ ಕೋಲನ್ನು ಮೆಲ್ಲಗೆ ನೆಲಕ್ಕಿಳಿಸಿದ. ಬುರಾನುದ್ದೀನನಿಗೆ ತಿಳಿಯಿತು. ಆದರೂ, "ನಡಿಯಪ್ಪಾ, ಯಾಕ ನಿಂತಿ?" ಎಂದು ಕೂಗಾಡಿದ.

ಊರಿನಲ್ಲಿ ಯಾರೂ ಅವನನ್ನು ಒಂದು ಮಾತು ಅನ್ನಲಿಲ್ಲ. ಬಾಳವ್ವ ದಿನಾ ರೊಟ್ಟಿ ತಂದು ಮುಚ್ಚಿಟ್ಟು ಹೋಗುತ್ತಿದ್ದಳು. ಅದನ್ನು ನುಂಗುವುದೇ ಅವನಿಗೆ ಕಷ್ಟವಾಯಿತು.

ಮಗಳು ಖುಶ್ನುಮಾ ಬೆಳಗಾವಿಯಿಂದ ಬಂದಳು. ತಾಯಿಯನ್ನು ದಾಟಿಸಲು ಆಗಲಿಲ್ಲವೆಂದು ಕೇಳಿ, "ಪೂಲಿನ ಹಲಗಿ ಯಾರು ತಗದ್ರು ಅಬ್ಬಾ?" ಎಂದಳು.

"ನಾನ ತಗದೆ."

ಅವಳು ಅವನ ಮುಖವನ್ನೇ ನೋಡಿದಳು. ಅಂದಿನಿಂದ ಅವನೊಂದಿಗೆ ಮಾತು ಬಿಟ್ಟಳು.

ಮಳೆ ಹಿಂದೆ ಸರಿದ ಮೇಲೆ ಬುರಾನುದ್ದೀನ ಬಿದಿರು ಕಡಿದು ತಂದು ಪೂಲಿಗೆ ಕಟ್ಟತೊಡಗಿದ. ಸಿದ್ದಪ್ಪನೂ ಜೊತೆಯಾದ. ಮುಂದಿನ ಮಳೆಗೆ ಅರ್ಧ ಕೊಚ್ಚಿಹೋಯಿತು. ಮತ್ತೆ ಕಟ್ಟಿದ. ಈಗಲೂ ವರ್ಷಕ್ಕೊಮ್ಮೆ ಕಟ್ಟುತ್ತಾನೆ. ಜನ ದಾಟುತ್ತಾರೆ, ಅವನು ಮಾತ್ರ ಕೆಲಸವಿಲ್ಲದೆ ಅದರ ಮೇಲೆ ಕಾಲಿಡುವುದಿಲ್ಲ.

ಹಬ್ಬಕ್ಕೆ ಬೆಳಗಾವಿಗೆ ಹೋಗುತ್ತಾನೆ. ಅಳಿಯ ತಾಲಿಬ ಎದುರು ಕೂತು ಮಾತಾಡಿಸುತ್ತಾನೆ. ಖುಶ್ನುಮಾ ತಾಟು ತಂದಿಟ್ಟು ಒಳಗೆ ಹೋಗುತ್ತಾಳೆ. ಈ ಸಲ ಬಸ್ಸಿಗೆ ಹೊತ್ತಾಯಿತೆಂದು ಅವನು ಎದ್ದಾಗ ಬಾಗಿಲ ಮರೆಯಿಂದ ದನಿ ಬಂತು.

"ಮಳಿ ನಿಲ್ಲಲಿ. ಕುಂದರ್ರಿ."

ಅವನು ಕೂತ. ಮಳೆ ನಿಲ್ಲುವವರೆಗೂ ಅವಳು ಹೊರಗೆ ಬರಲಿಲ್ಲ.