ಕೊನೆಯ ಎರಡು ಅಂಕಿ

ಕೆ.ಆರ್. ಪೇಟೆಯ ಬಸ್ ನಿಲ್ದಾಣದ ಪಕ್ಕ ರೇಡಿಯೊ ರಿಪೇರಿ ಮಾಡುತ್ತಿದ್ದ ಸಿದ್ದರಾಜುವಿಗೆ ಒಂದೇ ಹುಚ್ಚು. ಹಾಲಿನಲ್ಲಿ ಹರಿಯುವ ಇಷ್ಟೇ ಇಷ್ಟು ಕರೆಂಟನ್ನು ಅಂಕಿಯಾಗಿ ಬದಲಿಸಿ, ಎಷ್ಟು ನೀರು ಬೆರೆತಿದೆಯೆಂದು ತೋರಿಸುವ ಸರ್ಕ್ಯೂಟು ಕಟ್ಟಬೇಕು. ಪೇಟೆಯಲ್ಲಿ ಸಿಗುವ ಮೀಟರು ಅಳತೆಯನ್ನು ಎರಡು ಸಾವಿರ ಮೆಟ್ಟಿಲಾಗಿ ಎಣಿಸಿದರೆ ಇವನದು ಅರವತ್ತು ಸಾವಿರ ಎಣಿಸಬೇಕು. ಅದೂ ಎರಡೇ ಟಾರ್ಚ್ ಸೆಲ್ಲಿನಲ್ಲಿ, ವರ್ಷವಿಡೀ. ಹಾಲು ಹಾಕುವ ಹೊತ್ತಿಗೆ ಸರಿಯಾಗಿ ಕರೆಂಟು ತೆಗೆಯುವ ಊರು ಅವನದು.

ಎಣಿಕೆ ಸೂಕ್ಷ್ಮವಾದರೆ ಸೆಲ್ಲು ವಾರಕ್ಕೇ ಸಾಯುತ್ತಿತ್ತು. ಸೆಲ್ಲು ಉಳಿಸಿದರೆ ಕೊನೆಯ ಅಂಕಿಗಳು ಕುಣಿಯುತ್ತಿದ್ದವು. ಐದು ವರ್ಷ ಒದ್ದಾಡಿದ. ಕಡೆಗೆ ಆತುರ ಬಿಟ್ಟು, ಹತ್ತು ಸೆಕೆಂಡು ನಿಧಾನವಾಗಿ ಎಣಿಸಿ, ಮಿಕ್ಕ ಹೊತ್ತೆಲ್ಲ ಸರ್ಕ್ಯೂಟನ್ನು ಮಲಗಿಸಿದ. ಅಂಕಿಗಳು ಅಲುಗದೆ ನಿಂತವು. ಅವತ್ತು ಅಂಗಡಿ ಬಾಗಿಲು ಎಳೆದುಕೊಂಡು ಅತ್ತ.

ತೊಂಬತ್ತಾರರಲ್ಲಿ, ಸಂತೆಬಾಚಹಳ್ಳಿ ಬಳಿಯ ತನ್ನೂರಿನ ಡೈರಿಗೆ ಮಿಷನ್ನು ತಂದ. ಒಪ್ಪಿಗೆಯಾದರೆ ಸುತ್ತಲ ಊರುಗಳಿಗೂ ಇದೇ ಇಡಿಸುತ್ತೇನೆಂದು ಕಾರ್ಯದರ್ಶಿ ನಂಜಪ್ಪ ಮಾತು ಕೊಟ್ಟಿದ್ದ. ಮೊದಲ ಹಾಲು ತಾಯಿಯದೇ ಆಗಲೆಂದು ಸಿದ್ದರಾಜು ತಾನೇ ಅವ್ವನನ್ನು ಮುಂದಕ್ಕೆ ಕರೆದ. ದೊಡ್ಡತಾಯಮ್ಮ ಸಾಲಿನ ಮುಂದೆ ಬಂದು, ಎಲ್ಲರೂ ನೋಡಲೆಂದು ಕ್ಯಾನಿನ ಮುಚ್ಚಳ ತೆಗೆದಳು.

ನೀರು, ನೂರಕ್ಕೆ 0.84.

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೊಡ್ಡತಾಯಮ್ಮನ ಮುಖ ಕಪ್ಪಿಟ್ಟಿತು.

“ದೃಷ್ಟಿಗೆ ಅಂತ ಒಂದು ಗುಟುಕು ನೀರು ಬುಡದೆ ಹಾಲ ಆಚೆ ಕಳಿಸಾರೇನ್ಲಾ? ಕೆಚ್ಚಲು ಬತ್ತೋಗಕಿಲ್ವಾ?”

ಯಾವ ಮನೆಯಲ್ಲಿ ಬಿಡುವುದಿಲ್ಲ? ಸಿದ್ದರಾಜು ಹುಟ್ಟಿದಾಗಿನಿಂದ ದಿನಾ ನೋಡಿದ್ದ. ಅರವತ್ತು ಸಾವಿರ ಮೆಟ್ಟಿಲು ಎಣಿಸಿದ ಮಹಾಶಯನಿಗೆ ಅವ್ವ ಬಿಡುವ ಒಂದು ಗುಟುಕು ಮಾತ್ರ ಲೆಕ್ಕಕ್ಕೆ ಬಂದಿರಲಿಲ್ಲ. ಅವಳು ಕ್ಯಾನಿಗೆ ಸೆರಗು ಮುಚ್ಚಿಕೊಂಡು ಮನೆಗೆ ಹೊರಟುಹೋದಳು. ಸಾಲಿನಲ್ಲಿ ಅವಳ ಹಿಂದಿದ್ದ ಮಾಯಮ್ಮನೂ ಹೊರಡಲು ಕ್ಯಾನು ಎತ್ತಿಕೊಂಡಳು.

ನಂಜಪ್ಪ ಹತ್ತಿರ ಬಂದ. “ಇಂಗೆ ಕಣ್ಣು ಬುಟ್ಕಂಡು ನೋಡುದ್ರೆ ಯಾರ ಮನೆ ಹಾಲೂ ನಿಲ್ಲಕಿಲ್ಲ ಕಣ್ಲಾ. ಕೊನೇ ಎರಡು ಅಂಕಿ ಮುಚ್ಚು, ಇಟ್ಕತೀವಿ.”

ಆ ಎರಡು ಅಂಕಿಗಳಿಗಾಗಿಯೇ ಐದು ವರ್ಷ ಹೋಗಿತ್ತು. ಅವಿಲ್ಲದಿದ್ದರೆ ಅದು ಪೇಟೆಯಲ್ಲಿ ಸಿಗುವ ಮೀಟರೇ. ಆದರೂ ಸಿದ್ದರಾಜು ಜೇಬಿನಿಂದ ಕಪ್ಪು ಟೇಪು ತೆಗೆದು ತಾನೇ ಅಂಟಿಸಿದ. ಮಾಯಮ್ಮನ ಹಾಲು ಸೊನ್ನೆ ತೋರಿಸಿತು, ಅವಳ ಹಿಂದಿನವರದೂ ಸೊನ್ನೆ. ಮಿಷನ್ನು ಭಲೇ ಅಂದರು ಎಲ್ಲರೂ.

ಮರುದಿನ ದೊಡ್ಡತಾಯಮ್ಮ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಸರದಿ ಬಂದರೂ ಮುಚ್ಚಳ ತೆಗೆಯಲಿಲ್ಲ.

“ಮುಚ್ಚಿದ್ದೀಯೇನ್ಲಾ?”

“ಮುಚ್ಚಿವ್ನಿ ಕಣವ್ವ.”

ಅವಳು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡು, ಆಮೇಲೆ ಹಾಲು ಸುರಿದಳು. ಟೇಪಿನ ಒಂದು ಮೂಲೆ ಎದ್ದಿತ್ತು. ಸಿದ್ದರಾಜು ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡ.