ನಾನು ಬಿಟ್ಟ ಎರಡು ಹಾಳೆ

ಮೇಡಂ ಅವರ ಬಲಗೈ ನಡುಬೆರಳಿನ ಪಕ್ಕದಲ್ಲಿ ಕಡಲೆಕಾಳಿನಷ್ಟು ಗಂಟಿತ್ತು. ನಲವತ್ತು ವರ್ಷ ಪೆನ್ನು ಒತ್ತಿ ಒತ್ತಿ ಎದ್ದ ಗಂಟು. ನಾನು ಪ್ರೂಫ್ ಓದಿ ಹೇಳುವಾಗ ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಆ ಗಂಟನ್ನು ಸವರುತ್ತಾ ಕೂತಿರುತ್ತಿದ್ದರು. ಹೆಬ್ಬೆರಳು ನಿಂತಿತು ಅಂದರೆ ಎಲ್ಲೋ ತಪ್ಪಾಗಿದೆ ಅಂತ ಲೆಕ್ಕ. ಅವರು ಬಾಯಿ ಬಿಡುವ ಮೊದಲೇ ನಾನು ಹಿಂದಿನ ಸಾಲಿಗೆ ಹೋಗಿರುತ್ತಿದ್ದೆ.

ಅವರು ತೀರಿಕೊಂಡ ಮೇಲೆ ನಮ್ಮ ಕನ್ನಡ ಸಂಘದವರು ನೆನಪಿನ ಸಂಚಿಕೆ ತರುತ್ತಿದ್ದಾರೆ. ಟೈಪಿಂಗ್ ಕೆಲಸ ನನ್ನದೇ. "ಅವರ ಜೊತೆ ಅಷ್ಟು ವರ್ಷ ಕೂತವರು, ನೀವೂ ಒಂದು ಬರೀರಿ" ಅಂದರು ಕಾರ್ಯದರ್ಶಿಗಳು. ಉಳಿದವರ ಬರಹವೆಲ್ಲ ಟೈಪ್ ಮಾಡಿ ಮುಗಿಸಿದ್ದೇನೆ. ಎಲ್ಲದರಲ್ಲೂ ಮೇಡಂ ತಾಯಿಯಂಥವರು, ದೀಪದಂಥವರು. ನನಗೆ ಹಾಗೆ ಬರೆಯಲು ಬರುವುದಿಲ್ಲ. ನನಗೆ ಅವರ ಮೇಲೆ ಇನ್ನೂ ಸಿಟ್ಟಿದೆ. ಅದಕ್ಕಿಂತ ಜಾಸ್ತಿ ನನ್ನ ಮೇಲೇ ಇದೆ.

ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವನು. ಹಿರಿಯೂರು ಕಡೆಯಿಂದ ಸೋದರಮಾವನ ಹಿಂದೆ ದೆಹಲಿಗೆ ಬಂದು, ಓಖ್ಲಾದ ಒಂದು ಪ್ರಿಂಟಿಂಗ್ ಯೂನಿಟ್ಟಿನಲ್ಲಿ ಹಾಳೆ ಮಡಚುವುದರಿಂದ ಶುರು ಮಾಡಿದೆ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಊಟದ ಬಿಡುವಿನಲ್ಲಿ ಕೂತು ನಾನೇ ಕಲಿತೆ, ಯಾರೂ ಕೈ ಹಿಡಿದು ಕಲಿಸಲಿಲ್ಲ. ಇವತ್ತು ಅಲ್ಲಿಗೆ ಕನ್ನಡದ ಮದುವೆ ಕಾರ್ಡ್ ಬರಲಿ, ಕವನ ಸಂಕಲನ ಬರಲಿ, ನನ್ನ ಮೇಜಿಗೇ ಬರಬೇಕು. ದೊಡ್ಡ ದೊಡ್ಡ ಡಿಗ್ರಿಯವರ ಬರಹದಲ್ಲಿ ತಪ್ಪು ಹಿಡಿದು ತೋರಿಸಿದ್ದೇನೆ. "ನನ್ನ ಕೈಯಲ್ಲಿ ಒಂದು ಸಾಲೂ ಬಿಟ್ಟುಹೋಗಲ್ಲ" ಎಂದು ಕಂಡವರ ಹತ್ತಿರವೆಲ್ಲ ಹೇಳಿಕೊಳ್ಳುತ್ತಿದ್ದೆ. ಮನೆಯಲ್ಲೂ ಹೇಳುತ್ತಿದ್ದೆ.

ಮೇಡಂ ಸರ್ಕಾರಿ ಕಚೇರಿಯಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತಿಯಾದವರು. ಮೈಸೂರಿನವರು, ಒಂಟಿ ಜೀವ. ಮುನಿರ್ಕಾದಲ್ಲಿ ಮೂರನೇ ಮಹಡಿಯ ಮನೆ. ಸುತ್ತ ಎಲ್ಲ ಬಾಡಿಗೆ ಕೋಣೆಗಳು, ಕೋಣೆ ತುಂಬ ಕಾಲೇಜಿನ ಹುಡುಗ ಹುಡುಗಿಯರು. ಗಲ್ಲಿ ಎಷ್ಟು ಕಿರಿದು ಅಂದರೆ ಎದುರು ಬಾಲ್ಕನಿಯಲ್ಲಿ ಫೋನ್ ಹಿಡಿದು ಅಳುವ ಹುಡುಗಿಯ ಮಾತು ಇವರ ಕುರ್ಚಿಯವರೆಗೂ ಬರುತ್ತಿತ್ತು. "ಅವರೆಲ್ಲ ಹಿಂದಿಯಲ್ಲಿ ಜಗಳ ಆಡ್ತಾರೆ, ನಾನು ಕನ್ನಡದಲ್ಲಿ ರಾಜಿ ಮಾಡಿಸ್ತೀನಿ" ಎಂದು ನಗುತ್ತಿದ್ದರು. ಹಾಗೆ ಬರೆದದ್ದೇ ಅವರ ಮೊದಲ ಕಾದಂಬರಿ. ದೆಹಲಿಗೆ ಓದಲು ಬಂದ ಇಬ್ಬರು ಕನ್ನಡದ ಮಕ್ಕಳು ಪ್ರೀತಿಯಲ್ಲಿ ಬಿದ್ದು, ಕೊನೆಗೆ ಒಂದಾಗುವ ಕಥೆ. ಓದಿದವರೆಲ್ಲ ಆಮೇಲೇನಾಯ್ತು, ಆಮೇಲೇನಾಯ್ತು ಎಂದು ಕಾಡಿದ್ದಕ್ಕೆ ಎರಡನೇ ಭಾಗಕ್ಕೆ ಕೈ ಹಾಕಿದರು.

ಅಷ್ಟರಲ್ಲಿ ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತ್ತು. ಅಚ್ಚಿನ ಅಕ್ಷರ ಕಾಣುತ್ತಿರಲಿಲ್ಲ. ಸ್ಕೆಚ್ ಪೆನ್ನಿನಲ್ಲಿ, ಒಂದು ಹಾಳೆಗೆ ಎಂಟೋ ಹತ್ತೋ ಸಾಲು, ಗೋಡೆಬರಹದಂತೆ ಬರೆಯುತ್ತಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಹೋಗಿ, ಟೈಪ್ ಮಾಡಿದ್ದನ್ನು ಓದಿ ಹೇಳಬೇಕು. ಮೊದಲ ದಿನ ನಾನು ತಡವರಿಸಿ ನಾಚಿಕೊಂಡಾಗ, "ಓಡಬೇಡಪ್ಪ. ಈ ಹುಡುಗಿ ಈಗ ಸಿಟ್ಟಲ್ಲಿದ್ದಾಳೆ. ಸಿಟ್ಟಲ್ಲಿರೋರ ಹತ್ತಿರ ಹೋಗೋ ಹಾಗೆ ಹೋಗು" ಅಂದರು. ಓದುವುದು ಅಂದರೇನು ಅಂತ ನನಗೆ ತಿಳಿದದ್ದು ಆ ಭಾನುವಾರಗಳಲ್ಲಿ. ಆ ಋಣ ಸುಳ್ಳಲ್ಲ. ಸಿಟ್ಟಿದೆ ಅಂತ ಅದನ್ನು ಮುಚ್ಚಿಡುವವನಲ್ಲ ನಾನು.

ಎರಡನೇ ಭಾಗದಲ್ಲಿ ಆ ಜೋಡಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಹೋಗುತ್ತದೆ. ಹುಡುಗಿ ಲ್ಯಾಬಿನಲ್ಲಿ ಯಾರ ಜೊತೆಗೋ ನಗುತ್ತಾಳೆ, ಹುಡುಗನಿಗೆ ಊಟ ಸೇರುವುದಿಲ್ಲ. ಅವನು ಫೋನನ್ನು ಬೋರಲಾಗಿ ಇಡುತ್ತಾನೆ, ಅವಳಿಗೆ ಅನುಮಾನ. "ಇದೇನು ಮೇಡಂ, ಹೋದ ಪುಸ್ತಕದಲ್ಲಿ ಪ್ರಾಣ ಕೊಡ್ತೀನಿ ಅಂತಿದ್ದೋರು?" ಅಂದೆ. "ಪ್ರಾಣ ಕೊಡ್ತಾರೆ ಕಣಪ್ಪ. ಪಾಸ್‌ವರ್ಡ್ ಕೊಡಲ್ಲ" ಅಂದರು.

ಆ ಕಾಲದಲ್ಲಿ ನನ್ನ ಮನೆಯಲ್ಲೂ ಅದೇ ಪಾಠ ನಡೆದಿತ್ತು. ನನ್ನ ಹೆಂಡತಿ ಇಲ್ಲೇ ಕನ್ನಡದವರ ಮನೆಯಲ್ಲಿ ಹುಟ್ಟಿ ಬೆಳೆದವಳು, ಬಿ.ಎ. ಮಾಡಿದವಳು. ನೋಯ್ಡಾದ ಒಂದು ಕಂಪನಿಯಲ್ಲಿ ರಿಸೆಪ್ಷನ್ ಕೆಲಸ. ನನ್ನದು ಓಖ್ಲಾದ ಕೂಲಿಯವರ ಹಿಂದಿ, ಅವಳದು ಆಫೀಸಿನ ಹಿಂದಿ. ಆಫೀಸಿನವರ ಜೊತೆ ಫೋನಿನಲ್ಲಿ ಇಂಗ್ಲಿಷ್ ಬೆರೆಸಿ ನಗುವಾಗ ಅವಳು ನನ್ನ ಹೆಂಡತಿಯ ಹಾಗೆ ಕಾಣುತ್ತಿರಲಿಲ್ಲ. ಯಾರು ಅಂತ ಕೇಳಿದರೆ, "ಅಚ್ಛಾ, ಈಗ ಹಾಜರಿ ಬೇರೆ ತಗೋತೀರಾ?" ಅನ್ನುತ್ತಿದ್ದಳು, ನಗುತ್ತಲೇ. ಆ ನಗು ನನಗೆ ಮುಳ್ಳಾಯಿತು.

ಒಂದು ಬೆಳಿಗ್ಗೆ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಅವಳ ಹಿಂದೆ ಹೋದೆ. ಮೆಟ್ರೊದಲ್ಲಿ ಮೊದಲ ಬೋಗಿ ಹೆಂಗಸರದ್ದು. ಎರಡನೆಯದಕ್ಕೂ ಅದಕ್ಕೂ ನಡುವೆ ಬಾಗಿಲಿಲ್ಲ, ಗಂಡಸರು ದಾಟಬಾರದು ಎಂಬ ಬರಹ ಮಾತ್ರ. ಆ ಗಡಿಯಲ್ಲಿ ನಿಂತು, ಜನರ ಭುಜದ ಸಂದಿಯಿಂದ ಅವಳ ಜಡೆ ನೋಡುತ್ತಾ ನೋಯ್ಡಾದವರೆಗೂ ಹೋದೆ. ಅವಳು ಇಳಿದಳು. ಹೊರಗೆ ಹೋಗಲಿಲ್ಲ, ಪ್ಲಾಟ್‌ಫಾರ್ಮಿನಲ್ಲೇ ನಿಂತಳು. ನಾನು ಕಂಬದ ಹಿಂದೆ. ಎರಡು ಮೆಟ್ರೊ ಬಂದು ಹೋದವು. ಆಮೇಲೆ ಆಫೀಸಿನವನೊಬ್ಬ ಬಂದ, ಏನೋ ಅಂದ, ಅವಳು ನಕ್ಕಳು, ಇಬ್ಬರೂ ಮೆಟ್ಟಿಲಿಳಿದು ಹೋದರು. ಅಷ್ಟೇ. ಅವನಿಗೇ ಕಾಯುತ್ತಿದ್ದಳು ಅಂತ ನಾನು ತೀರ್ಮಾನ ಮಾಡಿಕೊಂಡೆ.

ಇದನ್ನು ಮೇಡಂಗೆ ಹೇಳಿದೆ. ಯಾಕೆ ಹೇಳಿದೆನೋ. ಭಾನುವಾರ ಓದುತ್ತಾ ಓದುತ್ತಾ ನಡುವೆ ನಿಲ್ಲಿಸಿದೆ, ಅವರು ಏನು ಅಂದರು, ಹೇಳಿಬಿಟ್ಟೆ. "ಕಂಬದ ಹಿಂದೆ ನಿಂತಾಗ ನನ್ನ ಬೆವರು ನನಗೇ ನಾರ್ತಿತ್ತು ಮೇಡಂ" ಅಂತಲೂ ಅಂದೆ.

"ಸಮಾಧಾನ ಆಯ್ತಾ?"

"ಇಲ್ಲ."

"ಆಗಲ್ಲ. ಹೆಂಡತಿಗೆ ಹೇಳಿದ್ಯಾ?"

"ಅದನ್ನೆಲ್ಲ ಹೇಳ್ತಾರಾ ಮೇಡಂ?"

ಹೆಬ್ಬೆರಳು ನಿಂತಿತು. "ಚಲೋ, ಮುಂದೆ ಓದು" ಅಂದರು.

ನನ್ನ ಹೆಂಡತಿಗೂ ಮೇಡಂ ಪರಿಚಯವಿತ್ತು. ಮೊದಲ ಭಾಗ ಓದಿ ಮರುಳಾಗಿ, ಅವರನ್ನು ನೋಡಲೇಬೇಕು ಎಂದು ನನ್ನ ಜೊತೆ ಬಂದವಳು, ಆಮೇಲೆ ಶನಿವಾರ ಶನಿವಾರ ಒಬ್ಬಳೇ ಹೋಗುತ್ತಿದ್ದಳು. ಅವರ ತಲೆಗೆ ಎಣ್ಣೆ ಹಚ್ಚಿ, ಬಂದ ಕಾಗದಪತ್ರ ಓದಿ ಹೇಳಿ ಬರುತ್ತಿದ್ದಳು. ಇಬ್ಬರೂ ಏನು ಮಾತಾಡುತ್ತಾರೆ ಅಂತ ನಾನು ಕೇಳಿದ್ದಿಲ್ಲ. ಎಣ್ಣೆ ಹಚ್ಚುವಾಗ ಏನು ದೊಡ್ಡ ಮಾತು ಇರುತ್ತದೆ ಅಂದುಕೊಂಡಿದ್ದೆ.

ಮುಂದಿನ ತಿಂಗಳು ಒಂಬತ್ತನೇ ಅಧ್ಯಾಯ ಕೈಗೆ ಬಂತು. ಓಖ್ಲಾದಲ್ಲಿ ಟೈಪ್ ಮಾಡಲು ಕೂತೆ. ನಡುವಿನ ಎರಡು ಹಾಳೆಗೆ ಬಂದಾಗ ಟೈಪ್ ಮಾಡುತ್ತಿದ್ದ ಕೈ ನಿಂತಿತು. ಹುಡುಗ ಹೆಂಗಸರ ಬೋಗಿಯ ಗಡಿಯಲ್ಲಿ ನಿಂತಿದ್ದಾನೆ. ಕಂಬದ ಹಿಂದೆ ಅವನ ಬೆವರು ಅವನಿಗೇ ನಾರುತ್ತಿದೆ. ನನ್ನ ಮಾತು, ನನ್ನ ಬಾಯಿಂದ ಬಂದ ಹಾಗೇ ಇತ್ತು.

ಆ ಭಾನುವಾರ ಓದುತ್ತಾ ಅಲ್ಲಿಗೆ ಬಂದು ನಿಲ್ಲಿಸಿದೆ.

"ಮೇಡಂ, ಇದು ನಂದು."

"ಹೌದು."

"ಕೇಳದೇ ಹಾಕಿದೀರಿ."

"ಈಗ ಕೇಳ್ತಿದೀನಿ. ಬೇಡ ಅಂದರೆ ಹೇಳು, ಈಗಲೇ ತೆಗೆಯೋಣ. ಬೇರೆ ಏನಾದರೂ ಬರೀತೀನಿ."

ಇಲ್ಲೇ ನಾನು ಕೆಟ್ಟದ್ದು. ಬೇಡ ಅನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಆದರೆ ಬೇಡ ಅಂದರೆ ಹೆದರಿದೆ ಅಂತಾಗುತ್ತದೆ. ಹೆಂಡತಿಗೆ ಹೆದರುವವನು ಅಂತಾಗುತ್ತದೆ. "ಇರಲಿ ಬಿಡಿ ಮೇಡಂ, ಕಥೆ ತಾನೇ" ಅಂದೆ.

"ಖಂಡಿತಾನಾ?"

"ನನಗೇನಂತೆ?"

ಅವರು ಖುಷಿಯಾದರು. ಕಾಣದ ಕಣ್ಣನ್ನು ನನ್ನ ಕಡೆ ತಿರುಗಿಸಿ, "ನೀನು ದೊಡ್ಡ ಮನುಷ್ಯ ಕಣಪ್ಪ" ಅಂದರು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಕೀವಿನ ಹಾಗೆ ಇದೆ.

ಓಖ್ಲಾಕ್ಕೆ ಹೋದವನೇ ಆ ಎರಡು ಹಾಳೆಯನ್ನು ಫೈಲಿನಿಂದ ಅಳಿಸಿದೆ. ಹಿಂದಿನದಕ್ಕೂ ಮುಂದಿನದಕ್ಕೂ ಕೊಂಡಿ ಬೇಕಲ್ಲ, ನಾನೇ ಒಂದು ಸಾಲು ಹಾಕಿದೆ: "ಆ ವಾರ ಇಬ್ಬರೂ ಸರಿಯಾಗಿ ಮಾತಾಡಲಿಲ್ಲ." ಕೊನೆಯ ಪ್ರೂಫ್ ಓದುವ ದಿನ ಅವರ ಕೈಬರಹದ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಆ ಜಾಗ ಬಂದಾಗ ಪ್ರೂಫ್ ಕೆಳಗಿಟ್ಟು, ಕೈಬರಹ ನೋಡಿ ಓದಿದೆ. ಎಲ್ಲೂ ತಡವರಿಸಲಿಲ್ಲ. ಅವರೇ ಕಲಿಸಿದ ಹಾಗೆ, ನಿಧಾನವಾಗಿ, ಚೆನ್ನಾಗಿ ಓದಿದೆ. ಹೆಬ್ಬೆರಳು ಗಂಟಿನ ಮೇಲೆ ಆಡುತ್ತಲೇ ಇತ್ತು. ಒಮ್ಮೆಯೂ ನಿಲ್ಲಲಿಲ್ಲ.

ಪುಸ್ತಕ ಬಿಡುಗಡೆಯ ದಿನ ಮೇಡಂ ಮೊದಲ ಪ್ರತಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು. ನಾವು ಮನೆಗೆ ಹೊರಟು ಮೆಟ್ರೊ ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆವು. ಅವಳು ಪುಸ್ತಕವನ್ನು ಮೊದಲಿನಿಂದ ತೆಗೆಯಲಿಲ್ಲ. ನೇರ ಒಂಬತ್ತನೇ ಅಧ್ಯಾಯಕ್ಕೆ ಹೋದಳು. ಮುಂದೆ ತಿರುವಿದಳು, ಹಿಂದೆ ತಿರುವಿದಳು, ಮತ್ತೆ ಮುಂದೆ.

"ಇಲ್ಲಿ ಎರಡು ಹಾಳೆ ಇಲ್ಲ."

"ಯಾವ ಹಾಳೆ?"

"ನೀವು ಮೇಡಂಗೆ ಹೇಳಿದ್ದು, ನಾನು ಮೇಡಂಗೆ ಹೇಳಿದ್ದು, ಎರಡೂ ಸೇರಿಸಿ ಅವರು ಬರೆದಿದ್ರಲ್ಲ, ಶನಿವಾರ ನನ್ನ ಕೈಲಿ ಓದಿಸಿದ್ರಲ್ಲ. ಆ ಹಾಳೆ."

ಅವಳು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು.

"ಅವತ್ತು ಮೆಟ್ರೊ ಗಾಜಲ್ಲಿ ನಿಮ್ಮ ಹಸಿರು ಚೌಕಳಿ ಅಂಗಿ ಕಾಣಿಸ್ತು ರೀ. ಬರ್ತೀರಾ, ಬಂದು ಬೈತೀರಾ, ಏನೋ ಒಂದು ಕೇಳ್ತೀರಾ ಅಂತ ನಿಂತೆ. ಎರಡು ಮೆಟ್ರೊ ಹೋಯ್ತು. ನೀವು ಕಂಬ ಬಿಟ್ಟು ಬರಲಿಲ್ಲ."

"ಮತ್ತೆ ಅವನು..."

"ಅವನು ದಾರೀಲಿ ಸಿಕ್ಕವನು. ಇನ್ನೂ ಅವನೇನಾ ನಿಮಗೆ?" ನಕ್ಕಳು. ಆ ನಗುವಿನಲ್ಲಿ ಮೊದಲಿನದು ಏನೂ ಇರಲಿಲ್ಲ. "ಹಿಂದೆ ಬಂದಿದ್ದಕ್ಕೆ ನಾನು ಯಾವತ್ತೋ ಮಾಫ್ ಮಾಡಿದ್ದೆ. ಮೇಡಂ ಹೇಳಿದ್ರು, ನಿನ್ನ ಗಂಡ ಒಪ್ಪಿದಾನೆ, ಅಚ್ಚಾಗಲಿ ಅಂದಿದಾನೆ ಅಂತ. ಅವತ್ತಿಂದ ಎಷ್ಟು ಹೆಮ್ಮೆಯಿಂದ ಕಾಯ್ತಿದ್ದೆ ಗೊತ್ತಾ? ಬಾಯಲ್ಲಿ ಹೇಳೋಕಾಗದೋರು ಪುಸ್ತಕದಲ್ಲಾದ್ರೂ ಹೇಳ್ತಿದಾರಲ್ಲ ಅಂತ. ಒಂದು ಸಾಲೂ ಬಿಡಲ್ಲ ಅಂತಿದ್ರಿ ನೀವು. ಸಾಕು, ಹೋಗಲಿ ಬಿಡಿ."

ಮೆಟ್ರೊ ಬಂತು. ಅವಳು ಹೆಂಗಸರ ಬೋಗಿಗೆ ಹತ್ತಿದಳು. ನನ್ನ ಜೊತೆ ಬರುವಾಗ ಅವಳು ಯಾವತ್ತೂ ಅಲ್ಲಿ ಹತ್ತಿದವಳಲ್ಲ.

ಆ ಹಾಳೆಯಲ್ಲಿ ಅದೂ ಇತ್ತು. ಹುಡುಗಿಗೆ ಗಾಜಿನಲ್ಲಿ ಹಸಿರು ಚೌಕಳಿ ಅಂಗಿ ಕಾಣುತ್ತದೆ ಎಂದು ಮೇಡಂ ಬರೆದಿದ್ದರು. ಅಂಗಿಯ ಬಣ್ಣ ನಾನು ಅವರಿಗೆ ಹೇಳಿರಲೇ ಇಲ್ಲ. ನಾನೇ ಟೈಪ್ ಮಾಡಿದ್ದೇನೆ, ಗಟ್ಟಿಯಾಗಿ ಓದಿಯೂ ಇದ್ದೇನೆ. ನನ್ನ ಮಾನದ ಚಿಂತೆಯಲ್ಲಿ ಹುಡುಗಿಯ ಸಾಲು ನನ್ನ ಕಿವಿಗೇ ಬೀಳಲಿಲ್ಲ.

ಮೇಡಂ ಹತ್ತಿರ ಆಮೇಲೆ ಒಂದೇ ಸಲ ಹೋದದ್ದು. ಹೆಂಡತಿ ಹೇಳಿರಬೇಕು, ಅವರೇ ಕರೆಸಿದರು. ಅಚ್ಚಾದ ಪುಸ್ತಕ ಮುಂದಿಟ್ಟು, "ಒಂಬತ್ತು ಓದು. ಇದರಲ್ಲಿರೋದು ಓದು" ಅಂದರು. ಓದಿದೆ. ನನ್ನ ಸಾಲಿಗೆ ಬಂದಾಗ ಹೆಬ್ಬೆರಳು ನಿಂತಿತು.

"ಇದು ನಂದಲ್ಲ."

"ಅಲ್ಲ ಮೇಡಂ. ನಂದು."

"ಕಣ್ಣಿದ್ದಿದ್ರೆ ನಾನೇ ನೋಡ್ಕೋತಿದ್ದೆ."

ನನಗೂ ರೇಗಿತು. "ಅವಳು ನನ್ನ ನೋಡಿದ್ದು ನಿಮಗೆ ಗೊತ್ತಿತ್ತು. ಒಂದು ಮಾತು ಹೇಳಬಹುದಿತ್ತು. ಕಥೆಗೆ ಬೇಕು ಅಂತ ಇಟ್ಕೊಂಡ್ರಿ" ಅಂದೆ. ಎದುರು ಬಾಲ್ಕನಿಯಲ್ಲಿ ಯಾರೋ ಹುಡುಗ ಫೋನಿನಲ್ಲಿ ಆಣೆ ಹಾಕುತ್ತಿದ್ದ. "ಹೌದು. ಇಟ್ಕೊಂಡೆ. ಕಥೆ ಚೆನ್ನಾಗಿ ಬರ್ತಿತ್ತು" ಅಂದರು. ಅಷ್ಟು ನೇರವಾಗಿ ಒಪ್ಪಿಕೊಂಡರು. ನನ್ನ ಕೈಯಲ್ಲಿ ಆಗದ್ದು ಅವರಿಗೆ ಎಷ್ಟು ಸುಲಭಕ್ಕೆ ಆಯಿತು ನೋಡಿ. "ಇನ್ನು ಭಾನುವಾರ ಬರಬೇಡಪ್ಪ" ಅಂದರು. ಮೂರು ತಿಂಗಳಿಗೆ ತೀರಿಹೋದರು. ಹೆಂಡತಿ ಕೊನೆಯವರೆಗೂ ಶನಿವಾರ ತಪ್ಪಿಸಲಿಲ್ಲ.

ಈಗ ನಮ್ಮ ಮನೆಯಲ್ಲಿ ಜಗಳವಿಲ್ಲ. ಊಟ ಆಯ್ತಾ, ಆಯ್ತು, ಹಾಲು ತಂದ್ರಾ, ತಂದೆ. ಮೇಡಂ ಕೈಬರಹದ ಆ ಹಾಳೆಗಳನ್ನು ಒಮ್ಮೆ ಅವಳ ಮುಂದಿಟ್ಟೆ. "ಇದು ನನಗೆ ಗೊತ್ತಿರೋದೇ. ಅಚ್ಚಾಗಬೇಕಿತ್ತು" ಎಂದು ಪಕ್ಕಕ್ಕೆ ಸರಿಸಿ ಎದ್ದುಹೋದಳು. ಆ ಪುಸ್ತಕಕ್ಕೆ ಎರಡನೇ ಮುದ್ರಣ ಬರುವಂತಿಲ್ಲ. ಮೊದಲನೆಯದರ ಕಟ್ಟುಗಳೇ ಓಖ್ಲಾದಲ್ಲಿ ಧೂಳು ತಿನ್ನುತ್ತಿವೆ.

ಸಂಘದ ಸಂಚಿಕೆ ಮಾತ್ರ ನಮ್ಮ ಮನೆಗೆ ಬರುತ್ತದೆ. ಅವಳು ಓದುತ್ತಾಳೋ, ಪಕ್ಕಕ್ಕೆ ಸರಿಸುತ್ತಾಳೋ ಗೊತ್ತಿಲ್ಲ. ಆ ಹಾಳೆಗಳಲ್ಲಿ ಇದ್ದದ್ದನ್ನೆಲ್ಲ ಮೇಲೆ ಬರೆದಿದ್ದೇನೆ. ಕಂಬದ ಹಿಂದೆ ನಿಂತವನು ಕಾದಂಬರಿಯ ಹುಡುಗನಲ್ಲ, ನಾನು. ಪ್ಲಾಟ್‌ಫಾರ್ಮಿನಲ್ಲಿ ಎರಡು ಮೆಟ್ರೊ ಬಿಟ್ಟು ನಿಂತವಳು ನನ್ನ ಹೆಂಡತಿ, ನಿಂತದ್ದು ನನಗಾಗಿ. ಇದನ್ನು ಟೈಪ್ ಮಾಡಿದವನೂ ನಾನೇ. ಮುಗಿದ ಮೇಲೆ ಗಟ್ಟಿಯಾಗಿ, ನಿಧಾನವಾಗಿ ಒಮ್ಮೆ ಓದಿದೆ. ಒಂದು ಸಾಲೂ ಬಿಟ್ಟಿಲ್ಲ.