ನೀರು ಕುಡಿಯುವ ಬಸವಣ್ಣ

ನಮ್ಮ ಗೌಂಡಿ ಕಾಕಾನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಸುಣ್ಣ, ಸಿಮೆಂಟು ಅದನ್ನು ತಿಂದುಹಾಕಿದ್ದವು. ಉಸುಕಿನ ಹದವನ್ನು ಅವರು ಆ ಬೋಳು ಬೆರಳಿನಿಂದಲೇ ನೋಡುತ್ತಿದ್ದರು. ಒತ್ತಿ, ಒಂದು ಗಳಿಗೆ ಕಣ್ಣು ಮುಚ್ಚಿ, ಆಮೇಲೆ ಬೈಯಲು ಶುರು ಮಾಡುತ್ತಿದ್ದರು.

ನಮ್ಮೂರು ಭೋಜದ ಸುತ್ತ ಅವರು ಕಟ್ಟಿದ ಮನೆ, ಬಾವಿ ಎಷ್ಟೋ. ಅವರಿಂದ ಬೈಸಿಕೊಳ್ಳದವರು ಯಾರೂ ಇಲ್ಲ. ಕೆಲಸದವರು ಒಂದು ತಂಬಿಗೆ ನೀರು ಹೆಚ್ಚು ಸುರಿದರೆ, "ಲೇ, ಸಿಮೆಂಟ್ ಕಲಸಾಕತ್ತಿಯೋ, ಅಂಬಲಿ ಕಾಸಾಕತ್ತಿಯೋ?" ಎಂದು ಕೈಯಲ್ಲಿದ್ದ ಕರಣಿಯನ್ನೇ ಎಸೆಯುತ್ತಿದ್ದರು.

ಸಂಕ್ರಾಂತಿಗೆ ಊರೆಲ್ಲ ದೂಧಗಂಗಾ ಹೊಳೆಗೆ ಹೋಗಿ, ಎಳ್ಳು ಹಚ್ಚಿಕೊಂಡು ಮಿಂದು, ದಂಡೆಯಲ್ಲೇ ಬುತ್ತಿ ಬಿಚ್ಚುವುದು ನಮ್ಮ ರೂಢಿ. ಅಂದು ಬೆಳಗ್ಗೆ ಕಾಕಾ ಉಸುಕಿನಲ್ಲಿ ಆಳೆತ್ತರದ ಬಸವಣ್ಣನನ್ನು ಮಾಡುತ್ತಿದ್ದರು. ಕತ್ತೆತ್ತಿ ನಿಂತ ಬಸವಣ್ಣ. ಹೆಂಗಸರು ಅದರ ಮುಂದೆ ಮೊದಲ ತುತ್ತು ಇಟ್ಟೇ ಊಟಕ್ಕೆ ಕೂಡುತ್ತಿದ್ದರು.

ಒಂದು ವರ್ಷ ಹೊಳೆಗೆ ಇಳಿಯಲು ಮೆಟ್ಟಿಲು, ಅಂದರೆ ಪಾವಟಿಗೆ, ಕಟ್ಟಿಸಬೇಕೆಂದು ಊರವರು ಠರಾವು ಮಾಡಿದರು. ಕಾಕಾನಿಗೆ ಆಗ ಎಪ್ಪತ್ತರ ಹತ್ತಿರ. "ಸಾಯೂದ್ರಾಗ ಈ ಹೊಳಿ ಪಾವಟಿಗಿ ನನ್ನ ಕೈಲೆ ಆಗಬೇಕು" ಎನ್ನುತ್ತಿದ್ದರು. ಮುದುಕನ ಕೈ ಗಟ್ಟಿ ಇದೆಯೋ ಇಲ್ಲವೋ ಎಂದು ಪಂಚರಿಗೆ ಅನುಮಾನ. ಸಂಕ್ರಾಂತಿ ದಿನ ಬಸವಣ್ಣನನ್ನು ನೋಡಿ ಹೇಳೋಣ ಎಂದರು.

ನನ್ನ ಕಬ್ಬಿಗೆ ನೀರು ಒಯ್ಯುವ ಪೈಪು ಆ ಉಸುಕಿನ ಅಡಿಯಲ್ಲೇ ಹಾಯ್ದಿತ್ತು. ಅದರ ಒಂದು ಜಾಯಿಂಟು ಸೋರುತ್ತಿತ್ತು. ಅದು ಕಾಕಾನಿಗೆ ಗೊತ್ತಿತ್ತು. ಹಿಂದಿನ ದಿನ ನಮ್ಮ ಮನೆಗೆ ಬಂದರು.

"ತಮ್ಮಾ, ನಾಳಿ ಒಂದಿನ ಮೋಟರ್ ಬಂದ್ ಇಡು. ಆಟೋನೂ ತಗದಿಡು ಮತ್ತ."

"ಇಡ್ತೇನ್ರಿ ಕಾಕಾ. ನೀವೇನ್ ಕಾಳಜಿ ಮಾಡಬ್ಯಾಡ್ರಿ."

ಆಟೋ ಎಂದರೆ ಕರೆಂಟು ಬಂದ ಕೂಡಲೇ ಮೋಟರನ್ನು ತಾನೇ ಚಾಲೂ ಮಾಡುವ ಡಬ್ಬಿ. ನಾನು ಅದನ್ನು ತೆಗೆಯಲಿಲ್ಲ. ಮರೆತೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಸ್ವಿಚ್ಚಿನ ಮೇಲೆ ಬೆರಳಿಟ್ಟಿದ್ದೆ. ಉಸುಕಿನ ಬೊಂಬೆಗಾಗಿ ಹೊಸ ಕಬ್ಬಿನ ಒಂದು ಪಾಳಿ ನೀರು ಯಾಕೆ ಕಳೆಯಲಿ ಎಂದು ಬೆರಳು ಹಿಂದೆ ತೆಗೆದೆ. ಅಂಥ ನೀಚ ನಾನು.

ಮರುದಿನ ಹತ್ತು ಗಂಟೆಗೆ ಕರೆಂಟು ಬಂತು. ದಂಡೆಯ ಮೋಟರುಗಳೆಲ್ಲ ಒಟ್ಟಿಗೇ ಗುರ್ರೆಂದವು. ಅದರಲ್ಲಿ ನನ್ನದು ಯಾವುದೆಂದು ಯಾರಿಗೆ ತಿಳಿಯಬೇಕು? ಕಾಕಾ ಕೋಡು ತಿದ್ದುತ್ತಿದ್ದರು. ಮೊದಲು ಬಸವಣ್ಣನ ಮುಂಗಾಲು ಕುಸಿಯಿತು. ಆಮೇಲೆ ಕುತ್ತಿಗೆ ಬಿರಿದು ತಲೆ ಧೊಪ್ಪನೆ ನೆಲಕ್ಕೆ ಬಿತ್ತು.

"ಮುದುಕನ ಬಸವಣ್ಣಗ ಚಕ್ಕರ ಬಂತಲೇ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಪಂಚರಲ್ಲಿ ಹಿರಿಯರು ಪಕ್ಕದಲ್ಲಿದ್ದ ನನ್ನನ್ನೇ ಕೇಳಿದರು, "ಯಾಕ ಬಿತ್ತೋ?"

ಆಗ ಬಾಯಿ ಬಿಡಬೇಕಿತ್ತು. ಬಿಟ್ಟೆ. "ವಯಸ್ಸಾತ್ರಿ. ಕೈಗಿ ಹದ ಸಿಗವಲ್ದು."

ಕಾಕಾ ಬಿದ್ದ ತಲೆಯ ಬಳಿ ಕುಳಿತು ಹೆಬ್ಬೆರಳನ್ನು ಉಸುಕಿಗೆ ಒತ್ತಿದರು. ಬೆರಳು ಪೂರ್ತಿ ಒಳಗೆ ಹೋಯಿತು, ಸುತ್ತ ನೀರು ಒಸರಿತು. ತಲೆಯೆತ್ತಿ ನನ್ನನ್ನು ನೋಡಿದರು. ಬೈಯಲಿಲ್ಲ. ಒಂದು ತಂಬಿಗೆ ನೀರಿಗೆ ಕರಣಿ ಎಸೆಯುತ್ತಿದ್ದ ಮನುಷ್ಯ! ಅದಕ್ಕಾಗಿ ಇವತ್ತಿಗೂ ನನಗೆ ಅವರ ಮೇಲೆ ಸಿಟ್ಟಿದೆ. ನಾಲ್ಕು ಜನರೆದುರು ಕಪಾಳಕ್ಕೆ ಬಾರಿಸಿದ್ದರೆ ನಿಜ ಒದರಿಬಿಡುತ್ತಿದ್ದೆ. ಇಲ್ಲ, ಇದೂ ಸುಳ್ಳೇ. ಬಾರಿಸಿದ್ದರೂ ನಾನು ಬೊಗಳುತ್ತಿರಲಿಲ್ಲ.

ಅವರು ತಲೆಯನ್ನು ಎತ್ತಿ ಹಚ್ಚಲಿಲ್ಲ. ಬಿದ್ದಲ್ಲೇ ಅದಕ್ಕೆ ಮೂತಿ, ಹೊಳ್ಳೆ ಕೆತ್ತಿದರು. ಬೆನ್ನಿನ ಉಸುಕನ್ನು ಇಳಿಜಾರು ಮಾಡಿ ಕುತ್ತಿಗೆಯನ್ನು ಕೆಳಗೆ ತಂದರು. ಕುಸಿದ ಮುಂಗಾಲನ್ನು ಮೊಳಕಾಲೂರಿದಂತೆ ಮಡಚಿದರು. ಮೂತಿಯ ಮುಂದೆ ಸಣ್ಣ ಕುಣಿ ತೋಡಿ, ಅಲ್ಲಿಂದ ಹೊಳೆಗೆ ಕಾಲುವೆ ಬಿಟ್ಟರು. ನನ್ನ ಪೈಪಿನ ನೀರೆಲ್ಲ ಕುಣಿಗೆ ಬಂದು ಹರಿದುಹೋಯಿತು, ಉಳಿದ ಉಸುಕು ಬಿಗಿಯಿತು. ತಾಸಿನಲ್ಲಿ ಬಸವಣ್ಣ ಬಗ್ಗಿ ನೀರು ಕುಡಿಯುತ್ತಿದ್ದ. ನಕ್ಕ ಹೆಂಗಸರೇ ಬಂದು ಕುಸುರೆಳ್ಳು ಏರಿಸಿದರು.

ಪಂಚರು ಮಾತ್ರ ಆ ನೀರನ್ನು ಹೊಳೆಯದೆಂದೇ ತಿಳಿದರು. "ಹೊಳಿ ನೀರ ಎಲ್ಲಿ ಏಳ್ತೈತಿ ಅನ್ನೂದು ತಿಳೀದಾಂವ ಪಾವಟಿಗಿ ಹೆಂಗ ಕಟ್ಟತಾನ?" ಎಂದರು. ಕೆಲಸ ಬೇರೆ ಊರಿನವನಿಗೆ ಹೋಯಿತು. ನಾನು ಅಲ್ಲೇ ನಿಂತು ಹೂಂ ಎಂದೆ.

ಆಮೇಲೆ ಪ್ರತಿವರ್ಷವೂ ಕಾಕಾ ನೀರು ಕುಡಿಯುವ ಬಸವಣ್ಣನನ್ನೇ ಮಾಡಿದರು. ಹೊಸ ಪಾವಟಿಗೆಯ ಮೇಲೆ ಕಾಲಿಡದೆ ಬಳಸಿಕೊಂಡು ಹೊಳೆಗೆ ಇಳಿಯುತ್ತಿದ್ದರು. ನನಗೆ ಒಂದು ಬೈಗುಳವನ್ನೂ ಕೊಡಲಿಲ್ಲ.

ಹೋದ ವರ್ಷ ಅವರು ಹಾಸಿಗೆ ಹಿಡಿದಾಗ ಹೋಗಿ ಕುಳಿತೆ. "ಕಾಕಾ, ಅವತ್ತ ಮೋಟರ್..." ಎಂದೆ.

"ಜಾಯಿಂಟ್ ಬದಲಿ ಮಾಡಿಸಿದಿ ಏನ್ಲೇ?"

"ಇಲ್ರಿ."

"ಥೂ ನಿನ್ನ! ಹಂಗಾರ ಏನ್ ಹೇಳಾಕ ಬಂದಿ? ಎದ್ದ ಹೋಗು!"

ಎದ್ದು ಹೋದೆ. ಎರಡು ದಿನ ಉಸುಕು ತೋಡಿ, ಜಾಯಿಂಟು ಬದಲಿಸಿ, ಹೇಳಲು ಓಡಿದೆ. ಅವರ ಅಂಗಳದಲ್ಲಿ ಜನ ನೆರೆದಿದ್ದರು. ಒಳಗಿನಿಂದ ಅಳು ಕೇಳುತ್ತಿತ್ತು.

ಆ ಪಂಚರಲ್ಲಿ ಇಬ್ಬರು ಇನ್ನೂ ಇದ್ದಾರೆ. ಈ ಸಂಕ್ರಾಂತಿಗೆ ಅವರನ್ನು ಕೂರಿಸಿಕೊಂಡು, ಆ ಪಾವಟಿಗೆಯ ಮೇಲೆ ನಿಂತು, ಬುತ್ತಿ ಬಿಚ್ಚುವ ಮೊದಲು ಇದನ್ನು ಊರಿಗೆಲ್ಲ ಓದಿ ಹೇಳುತ್ತೇನೆ. ಕಾಕಾನ ಕೈ ತಪ್ಪಿರಲಿಲ್ಲ. ಆ ನೀರು ನನ್ನದು.